ಅಂಗಡಿ ಮೊಟ್ಟೆಗೆ ಕಾವು ಕೊಟ್ಟರೆ ಮರಿಯಾಗುತ್ತದಾ?

ಬದಿಯಡ್ಕ_ತೋಟ:
ಅಂಗಡಿಯಿಂದ ತಂದ ಬಿಳಿ ಮೊಟ್ಟೆ ಹತ್ತು, 'ನಾಡನ್' (ಊರ ಕೋಳಿಯದ್ದು) ಅಂತ ಮಾರುವ ಕಂದು ಮೊಟ್ಟೆ ಹನ್ನೆರಡು ಇವೆ. ಎಲ್ಲವೂ ನಾಲ್ಕು ದಿನ ಫ್ರಿಜ್ಜಿನಲ್ಲಿದ್ದವು. ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಡಬ್ಲ್ಯು1209 ಥರ್ಮೋಸ್ಟಾಟ್, ಹಳೆ ಕಂಪ್ಯೂಟರಿನ ಫ್ಯಾನು ತಯಾರಿದೆ. ಮರಿ ಬರಬಹುದಾ? ಬಿಸಿ ಎಷ್ಟಿಡಬೇಕು? ಬಲ್ಲವರು ಹೇಳಿ.

ಹುಂಜ_ಕುಂಬಳೆ:
ಬಿಳಿಯದ್ದನ್ನು ಆಮ್ಲೆಟಿಗೇ ಇಟ್ಟುಕೊಳ್ಳಿ. ನಾಮಕ್ಕಲ್ ಕಡೆಯಿಂದ ಟ್ರೇಯಲ್ಲಿ ಬರುವುದು ಮೊಟ್ಟೆಗೆಂದೇ ಪಂಜರದಲ್ಲಿ ಸಾಕುವ ಲೇಯರ್ ಕೋಳಿಯ ಮೊಟ್ಟೆ, ಅಲ್ಲಿ ಹುಂಜವೇ ಇರುವುದಿಲ್ಲ. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಮರಿ ಮಾತ್ರ ಆಗದು. 21 ದಿನ ಕಾವು ಕೊಟ್ಟರೆ ಕೊಳೆತು ನಾರುತ್ತದೆ, ಕೆಲವೊಮ್ಮೆ ಪೆಟ್ಟಿಗೆಯೊಳಗೇ ಸಿಡಿಯುತ್ತದೆ.

ಕಂದು ಅಂದರೆ ಊರ ಕೋಳಿಯದ್ದು ಎಂದೇನೂ ಇಲ್ಲ. ಸಿಪ್ಪೆಯ ಬಣ್ಣ ತಳಿಯದ್ದು, ಕಂದು ಮೊಟ್ಟೆ ಇಡುವ ಫಾರ್ಮ್ ಕೋಳಿಗಳೂ ಇವೆ. ಹನ್ನೆರಡರಲ್ಲಿ ಮೂರನ್ನು ಹಸಿಯಾಗಿ ತಟ್ಟೆಗೆ ಒಡೆದು ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. 2-3 ಮಿ.ಮೀ. ಅಗಲ, ಗಟ್ಟಿ ಬಿಳಿ, ಅಂಚು ಹರಕು ಹರಕಾಗಿದ್ದರೆ ಹುಂಜ ಸೇರಿಲ್ಲ. 4-5 ಮಿ.ಮೀ. ಉರುಟಾಗಿ, ಸುತ್ತ ಬಳೆಯ ಹಾಗೆ ಬಿಳಿ ಗೆರೆ ಇದ್ದರೆ ಸೇರಿದೆ. ಮೂರರಲ್ಲಿ ಒಂದರಲ್ಲೂ ಬಳೆ ಕಾಣದಿದ್ದರೆ ಉಳಿದ ಒಂಬತ್ತಕ್ಕೆ ಕರೆಂಟು ಸುಡಬೇಡಿ.

ಫ್ರಿಜ್ಜಿನ ತಂಪು ಹೆಚ್ಚಾಯಿತು. ಕಾವಿಗಿಡುವ ಮೊಟ್ಟೆಗೆ 15-18 ಡಿಗ್ರಿ ಹಿತ, ಅದೂ ಒಂದು ವಾರದೊಳಗೆ. ಫ್ರಿಜ್ಜಿನದ್ದು ಪೂರ್ತಿ ಸತ್ತಿರಬೇಕೆಂದಿಲ್ಲ, ಆದರೆ ಮರಿ ಕಡಿಮೆಯಾಗುತ್ತದೆ. ಹೊರಗೆ ತೆಗೆಯುವಾಗ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಾಯಿ ಕಟ್ಟಿಯೇ ಆರೇಳು ಗಂಟೆ ಬಿಡಿ. ನಮ್ಮ ಕರಾವಳಿ ಗಾಳಿಗೆ ತಣ್ಣನೆಯ ಸಿಪ್ಪೆ ಬೆವರುತ್ತದೆ, ಆ ನೀರಿನೊಟ್ಟಿಗೆ ಸಿಪ್ಪೆಯ ತೂತಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ತೊಳೆಯಲೂಬೇಡಿ.

ಮುಳ್ಳೇರಿಯ_ವಯರಿಂಗ್:
ಡಬ್ಲ್ಯು1209ರಲ್ಲಿ ಹೆಚ್ಚಿನವರು ಎಡವುವುದು ಪಿ1ರಲ್ಲಿ, ಅಂದರೆ ಬಲ್ಬು ಆರುವ ಮತ್ತು ಮತ್ತೆ ಹೊತ್ತುವ ಬಿಸಿಯ ಅಂತರದ ಸೆಟ್ಟಿಂಗಿನಲ್ಲಿ. ಅಂಗಡಿಯಿಂದ ಬರುವಾಗ ಅದು 2 ಡಿಗ್ರಿ ಇರುತ್ತದೆ. ಅಂದರೆ 37.6ಕ್ಕೆ ಆರಿದ ಬಲ್ಬು ಮತ್ತೆ ಹೊತ್ತುವುದು 35.6ಕ್ಕೆ ಇಳಿದ ಮೇಲೆ. ಪಿ1 ಅನ್ನು 0.3 ಮಾಡಿ, ಪಿ0 'ಎಚ್'ನಲ್ಲಿ (ಬಿಸಿ ಮಾಡುವ ಕ್ರಮ) ಇರಲಿ, ಬಿಸಿ 37.6 ಡಿಗ್ರಿ. ಎಲ್‌ಇಡಿ ಬಲ್ಬು ಆಗದು, ತಂತಿ ಬಲ್ಬೇ ಬೇಕು. 40 ವ್ಯಾಟಿನ ಒಂದರ ಬದಲು 25ರ ಎರಡು ಹಾಕಿ, ಒಂದು ಹೋದರೂ ಪೆಟ್ಟಿಗೆ ಪೂರ್ತಿ ತಣಿಯದು. ಸೆನ್ಸರ್ ಮೊಟ್ಟೆಯ ಎತ್ತರದಲ್ಲಿರಲಿ, ಬಲ್ಬಿನ ಎದುರಿಗೆ ಬೇಡ. ಜ್ವರ ನೋಡುವ ಥರ್ಮಾಮೀಟರಿನೊಂದಿಗೆ ಹೋಲಿಸಿ, ಮೊಟ್ಟೆ ಇಡದೆ ಒಂದು ದಿನ ಓಡಿಸಿ. ಬಿಸಿ ಹೆಚ್ಚಾದರೆ ಮರಿ ಬೇಗ ಬರುತ್ತದೆ, ಹೊಕ್ಕುಳು ಮುಚ್ಚಿರುವುದಿಲ್ಲ. ಕಡಿಮೆಯಾದರೆ 22-23 ದಿನಕ್ಕೆ ಎಳೆಯುತ್ತದೆ.

ಗಾಳಿಯ ತೇವ 18 ದಿನದವರೆಗೆ ಶೇ. 50ರ ಆಸುಪಾಸು, ಕೊನೆಯ ಮೂರು ದಿನ 65-70. ಮಳೆಗಾಲದಲ್ಲಿ ಮೊದಲ 18 ದಿನ ನೀರಿನ ತಟ್ಟೆಯೇ ಬೇಡ. 27 ಡಿಗ್ರಿಯ, ಶೇ. 90 ತೇವದ ಗಾಳಿ 37.6ಕ್ಕೆ ಬಿಸಿಯಾದರೆ ತಾನಾಗಿ 50ಕ್ಕೆ ಇಳಿಯುತ್ತದೆ. ತಟ್ಟೆ ಇಟ್ಟರೆ ಮೊಟ್ಟೆಯ ನೀರು ಆರದೆ ಮರಿ ಒಳಗೇ ಮುಳುಗಿ ಸಾಯುತ್ತದೆ. ಹೆಚ್ಚಿನ ಪುಸ್ತಕಗಳು ಚಳಿದೇಶದ ಲೆಕ್ಕ ಬರೆಯುತ್ತವೆ, ಕಣ್ಣುಮುಚ್ಚಿ ನೀರು ತುಂಬಬೇಡಿ. ತೂಕ ನೋಡುವುದಾದರೆ 50 ಗ್ರಾಮಿನ ಮೊಟ್ಟೆ 18ನೇ ದಿನಕ್ಕೆ 44ರ ಹತ್ತಿರ ಇರಬೇಕು.

ದಿನಕ್ಕೆ ಮೂರೋ ಐದೋ ಸಲ ಮಗುಚಿ. ಒಂದು ಬದಿಗೆ ಪೆನ್ಸಿಲಲ್ಲಿ ಗುಣಿಸು ಗುರುತು ಹಾಕಿ. 7ನೇ ರಾತ್ರಿ ಟಾರ್ಚಿಗೆ ಹಿಡಿದರೆ ಜೇಡರ ಬಲೆಯಂಥ ನರ ಕಾಣಬೇಕು. ಏನೂ ಕಾಣದ್ದನ್ನೂ ಕೆಂಪು ಉಂಗುರ ಮಾತ್ರ ಇದ್ದದ್ದನ್ನೂ ತೆಗೆದುಬಿಡಿ. 18ರ ನಂತರ ಮಗುಚಬೇಡಿ, ಮುಚ್ಚಳ ತೆಗೆಯಬೇಡಿ.

ಪೆರ್ಲ_ಹೇಂಟೆ:
ಒಂಬತ್ತು ಮೊಟ್ಟೆಗೆ ಇಷ್ಟೆಲ್ಲ ಯಾಕೆ? ಕಾವಿಗೆ ಕೂತ ಊರ ಹೇಂಟೆ ಇದ್ದರೆ ಕತ್ತಲಾದ ಮೇಲೆ ಅದರಡಿ ಇಟ್ಟುಬಿಡಿ, ತೇವ-ಬಿಸಿ ಅದೇ ನೋಡಿಕೊಳ್ಳುತ್ತದೆ. ಎಲ್ಲವನ್ನೂ ಒಂದೇ ದಿನ ಇಡಿ. ದಿನಕ್ಕೆರಡರಂತೆ ಸೇರಿಸಿದರೆ ಮೊದಲ ಮರಿ ಹೊರಬಂದಾಗ ಹೇಂಟೆ ಎದ್ದುಹೋಗುತ್ತದೆ. ಮೊಟ್ಟೆಯೂ ಅಂಗಡಿಯದ್ದು ಬೇಡ, ಹತ್ತು ಹೇಂಟೆಗೆ ಒಂದು ಹುಂಜ ಇರುವ ಮನೆಯಿಂದ ತನ್ನಿ.

ಬದಿಯಡ್ಕ_ತೋಟ:
ಮೂರು ಒಡೆದೆ, ಎರಡರಲ್ಲಿ ಬಳೆ ಇದೆ! ಹೇಂಟೆ ಇಲ್ಲ, ಪೆಟ್ಟಿಗೆಯೇ ಗತಿ. ಕರೆಂಟು ಹೋದರೆ?

ಮುಳ್ಳೇರಿಯ_ವಯರಿಂಗ್:
ತೆರೆಯಬೇಡಿ. ಮೇಲೆ ಕಂಬಳಿ ಹೊದಿಸಿ, ಗಾಳಿಯ ತೂತು ಮಾತ್ರ ಬಿಡಿ. ಒಂದೆರಡು ಗಂಟೆಗೆ ತೊಂದರೆಯಿಲ್ಲ. ಅದಕ್ಕೂ ಹೆಚ್ಚಾದರೆ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಮೂಲೆಯಲ್ಲಿಡಿ, ಮೊಟ್ಟೆಗೆ ತಾಗದ ಹಾಗೆ.