ಲಾಬ್‌ಸ್ಟರ್ ಡೈವಿಂಗ್: ಡಾಕ್ಟರಿಗೆ ಕೇಳಿ

ಅಡ್ಮಿನ್: ಕ್ಯಾಲಿಫೋರ್ನಿಯಾದಲ್ಲಿ ಮುಳ್ಳು ಲಾಬ್‌ಸ್ಟರ್ ಸೀಸನ್ ಶುರುವಾಗಿದೆ. ಫ್ಲೋರಿಡಾದಲ್ಲಿ ಆಗಸ್ಟ್ 6ರಿಂದಲೇ ನಡೆಯುತ್ತಿದೆ. ಹೈಪರ್‌ಬೇರಿಕ್ ಚೇಂಬರ್‌ನಲ್ಲಿ (ಹೆಚ್ಚು ಒತ್ತಡದಲ್ಲಿ ಆಕ್ಸಿಜನ್ ಕೊಟ್ಟು ಡೈವರ್‌ಗಳಿಗೆ ಚಿಕಿತ್ಸೆ ಮಾಡುವ ಕೋಣೆ) ಕೆಲಸ ಮಾಡುವ ನಮ್ಮ ಡಾಕ್ಟರ್ ಮೇಡಂ ಇವತ್ತು ಸಂಜೆ ಇಲ್ಲೇ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ.

ಕೀಸ್ ಹುಡುಗ: ಮೇಡಂ, ಶನಿವಾರ, ಭಾನುವಾರ ಎರಡೂ ದಿನ ಡೈವ್ ಇದೆ. ಭಾನುವಾರ ರಾತ್ರಿ ಮಯಾಮಿಯಿಂದ ವಿಮಾನ. ತೊಂದರೆ ಇಲ್ಲ ಅಲ್ವಾ?

ಡಾಕ್ಟರ್: ಇದೆ. ಡೈವ್‌ನಲ್ಲಿ ದೇಹಕ್ಕೆ ಸೇರಿದ ಸಾರಜನಕ, ವಿಮಾನದಲ್ಲಿ ಒತ್ತಡ ಇಳಿದಾಗ ಗುಳ್ಳೆಯಾಗಬಹುದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ ಬಿಡಬೇಕು. ಹಲವು ಡೈವ್ ಅಥವಾ ಹಲವು ದಿನ ಆದರೆ ಕನಿಷ್ಠ 18 ಗಂಟೆ. ಡಿಕಂಪ್ರೆಶನ್ ನಿಲುಗಡೆ (ಮೇಲೆ ಬರುವಾಗ ನಡುವೆ ನಿಂತು ಕಾಯುವುದು) ಬೇಕಾಗುವಂಥ ಡೈವ್ ಆಗಿದ್ದರೆ ಇನ್ನೂ ಜಾಸ್ತಿ. ಟಿಕೆಟ್ ಸೋಮವಾರ ಸಂಜೆಗೆ ಬದಲಾಯಿಸಿ.

ಹವಳದಿಬ್ಬ: ಐದು ವಾರದ ಹಿಂದೆ ಲಾಬ್‌ಸ್ಟರ್ ಮೀಸೆಯ ಮುಳ್ಳು ಗ್ಲೌಸ್ ದಾಟಿ ತೋರುಬೆರಳಿಗೆ ಚುಚ್ಚಿತ್ತು. ಗಾಯ ಒಣಗಿತು. ಈಗ ಅದೇ ಜಾಗದಲ್ಲಿ ನೇರಳೆ ಬಣ್ಣದ ಗಂಟು. ನೋವು ಅಷ್ಟಿಲ್ಲ. ಕ್ಲಿನಿಕ್‌ನಲ್ಲಿ ಕೊಟ್ಟ ಅಮಾಕ್ಸಿಸಿಲಿನ್ ಮುಗಿಸಿದೆ, ಗಂಟು ಹಾಗೇ ಇದೆ. ಮೊನ್ನೆ ಮಣಿಕಟ್ಟಿನ ಹತ್ತಿರ ಇನ್ನೊಂದು ಸಣ್ಣದು ಕಂಡಿತು.

ಡಾಕ್ಟರ್: ಆ ಎರಡನೇ ಗಂಟಿನ ವಿಷಯ ಬರೆದದ್ದು ಒಳ್ಳೆಯದಾಯಿತು. ಗಾಯ ಒಣಗಿ ವಾರಗಳ ನಂತರ ಗಂಟು ಏಳುವುದು, ಆಮೇಲೆ ಕೈಯ ಮೇಲ್ಮುಖವಾಗಿ ಸಾಲಾಗಿ ಬರುವುದು, ಇದು ಮೈಕೋಬ್ಯಾಕ್ಟೀರಿಯಂ ಮರೈನಮ್ ಇರಬಹುದು. ಕ್ಷಯದ ಕ್ರಿಮಿಯ ಬಳಗದ್ದು, ನೀರಿನಲ್ಲಿರುತ್ತದೆ, ಬಹಳ ನಿಧಾನ ಬೆಳೆಯುತ್ತದೆ. ಅಮಾಕ್ಸಿಸಿಲಿನ್‌ಗೆ ಬಗ್ಗುವುದಿಲ್ಲ. ಚರ್ಮದ ಡಾಕ್ಟರ್ ಹತ್ತಿರ ಹೋಗಿ, "ಸಮುದ್ರದಲ್ಲಿ ಚುಚ್ಚಿದ ಗಾಯ" ಅಂತ ಮೊದಲ ಮಾತಿನಲ್ಲೇ ಹೇಳಿ. ಗಂಟಿನ ತುಂಡು ತೆಗೆದು ಕಲ್ಚರ್‌ಗೆ (ಲ್ಯಾಬ್‌ನಲ್ಲಿ ಕ್ರಿಮಿ ಬೆಳೆಸಿ ನೋಡಲು) ಕಳಿಸುವಾಗ ಲ್ಯಾಬ್‌ಗೆ ಈ ಅನುಮಾನ ಬರೆದು ಕೊಡಬೇಕು. ಈ ಕ್ರಿಮಿ 30 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮಾಮೂಲಿ 37ರಲ್ಲಿಟ್ಟರೆ ಏನೂ ಸಿಗದೆ ಹೋಗಬಹುದು. ಔಷಧಿ ಇದೆ, ಆದರೆ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು. ಬೆರಳಿನ ಗೆಣ್ಣು ಬಿಗಿಯಾದರೆ ಅಥವಾ ಊದಿದರೆ ಕಾಯಬೇಡಿ.

ಉಪ್ಪುನೀರು: ಲಿವರ್ ತೊಂದರೆ ಇರುವವರಿಗೆ ಸಮುದ್ರದ ಗಾಯ ಅಪಾಯ ಅಂತ ಕೇಳಿದ್ದೇನೆ. ನಿಜವಾ?

ಡಾಕ್ಟರ್: ನಿಜ. ವಿಬ್ರಿಯೊ ವಲ್ನಿಫಿಕಸ್ ಅಂತ ಬ್ಯಾಕ್ಟೀರಿಯಾ. ಬೆಚ್ಚಗಿನ ಉಪ್ಪುನೀರಿನಲ್ಲಿರುತ್ತದೆ. ಗಾಯದ ಸುತ್ತ ಕೆಂಪು ಗಂಟೆಗಂಟೆಗೆ ಹರಡಿದರೆ, ಗುಳ್ಳೆ ಬಂದರೆ, ಜ್ವರ ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಅನ್ನಬೇಡಿ.

ಮೀನುಮರಿ: ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ಯಾವುದು ಒಳ್ಳೆಯದು? ಬಜೆಟ್ 400 ಡಾಲರ್.

ನೊರೆತೆರೆ: ಮೇಡಂ, ನನ್ನ ಗಂಡನಿಗೆ 51. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಹೋದ ಶನಿವಾರ ರಾತ್ರಿ ಸ್ಯಾನ್ ಡಿಯೇಗೋ ಹತ್ತಿರ ಲಾಬ್‌ಸ್ಟರ್‌ಗೆ ಇಳಿದಿದ್ದರು. 12 ಮೀಟರ್ ಆಳ, ತಣ್ಣೀರು, ನೀರಿನ ಎಳೆತ ಜಾಸ್ತಿ ಇತ್ತಂತೆ. ಕೆಳಗಿರುವಾಗಲೇ ಉಸಿರು ಸಾಲದ ಹಾಗೆ ಆಗಿದೆ. ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ) ಕೆಟ್ಟಿದೆ ಅಂದುಕೊಂಡು ಇನ್ನೊಂದನ್ನು ಬಾಯಿಗೆ ಹಾಕಿಕೊಂಡರಂತೆ, ಹಾಗೇ ಇತ್ತು. ದೋಣಿಗೆ ಬಂದ ಮೇಲೆ ಕೆಮ್ಮು, ಉಗುಳಿದರೆ ತಿಳಿ ಗುಲಾಬಿ ನೊರೆ. ಟವೆಲ್ ಮೇಲೆ ಕಲೆ ನಾನೇ ನೋಡಿದೆ. ಬೆಳಿಗ್ಗೆ ಎಲ್ಲ ಸರಿ. ಉಪ್ಪುನೀರು ಕುಡಿದಿದ್ದೀಯ ಅಂತ ಸ್ನೇಹಿತರು ಅಂದರು. ಈ ಶನಿವಾರ ಮತ್ತೆ ಹೊರಟಿದ್ದಾರೆ.

ಡಾಕ್ಟರ್: ಮೊದಲ ಮಾತು: ಈ ಶನಿವಾರ ಅವರು ನೀರಿಗೆ ಇಳಿಯಬಾರದು. ಉಳಿದದ್ದನ್ನು ಅವರ ಜೊತೆ ಕೂತು ಓದಿ.

ನೀವು ಬರೆದದ್ದು ಇಮ್ಮರ್ಶನ್ ಪಲ್ಮನರಿ ಎಡೀಮಾ ಥರವೇ ಇದೆ. ಅಂದರೆ ನೀರಿನಲ್ಲಿರುವಾಗ ಶ್ವಾಸಕೋಶದೊಳಗೆ ದೇಹದ ದ್ರವವೇ ತುಂಬಿಕೊಳ್ಳುವುದು. ಹೊರಗಿನ ನೀರು ಕುಡಿದದ್ದಲ್ಲ. ನೀರಿಗೆ ಇಳಿದ ತಕ್ಷಣ ಕೈಕಾಲಿನ ರಕ್ತ ಎದೆಯ ಕಡೆ ಸರಿಯುತ್ತದೆ. ತಣ್ಣೀರಿಗೆ ಚರ್ಮದ ರಕ್ತನಾಳ ಬಿಗಿಯುತ್ತವೆ, ಹೃದಯಕ್ಕೆ ಹೊರೆ ಏರುತ್ತದೆ. ಅದರ ಮೇಲೆ ಬಿಪಿ, ಬಿಗಿ ವೆಟ್‌ಸೂಟ್, ಎಳೆತದ ವಿರುದ್ಧ ಈಜು. ಲಾಬ್‌ಸ್ಟರ್ ಬೇಟೆಯಲ್ಲಿ ಇದು ಇನ್ನೂ ಜಾಸ್ತಿ. ಅದು ಬಾಲ ಬಡಿದು ಹಿಂದಕ್ಕೆ ಚಿಮ್ಮುತ್ತದೆ, ಇವರು ಉಸಿರು ಬಿಗಿಹಿಡಿದು ಹಿಂದೆ ಬೀಳುತ್ತಾರೆ. ಒತ್ತಡ ಏರಿ ಸಣ್ಣ ರಕ್ತನಾಳಗಳಿಂದ ದ್ರವ ಗಾಳಿಚೀಲಕ್ಕೆ ಸೋರುತ್ತದೆ. ಸ್ವಲ್ಪ ರಕ್ತ ಸೇರಿದರೆ ಗುಲಾಬಿ ನೊರೆ.

ನನಗೆ ಜಾಸ್ತಿ ಚಿಂತೆ ತಂದದ್ದು ರೆಗ್ಯುಲೇಟರ್ ಮಾತು. ಈ ತೊಂದರೆ ಆದ ತುಂಬಾ ಜನ ಮೊದಲು ಹೇಳುವುದೇ "ರೆಗ್ಯುಲೇಟರ್ ಗಾಳಿ ಕೊಡುತ್ತಿಲ್ಲ" ಅಂತ. ಎರಡನೆಯದೂ ಹಾಗೇ ಇತ್ತು ಅಂದರೆ ಕೆಟ್ಟದ್ದು ಉಪಕರಣ ಅಲ್ಲ. ಶ್ವಾಸಕೋಶ ಹಿಗ್ಗಿ ಹರಿದಿದ್ದರೆ ತೊಂದರೆ ಮೇಲೆ ಬರುವಾಗ ಅಥವಾ ಬಂದ ಕೂಡಲೇ ಶುರುವಾಗುತ್ತಿತ್ತು. ಸಾರಜನಕದ ಗುಳ್ಳೆಯ ತೊಂದರೆಯೂ ಮೇಲೆ ಬಂದ ನಂತರದ್ದು. ಇವರಿಗೆ ತಳದಲ್ಲೇ ಶುರುವಾಗಿದೆ. ನೀರು ಗಂಟಲಿಗೆ ಇಳಿದು ನೆತ್ತಿಗೆ ಹತ್ತಿದ ನೆನಪು ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಸ್ನೇಹಿತರ ಮಾತು ಬಿಡಿ.

ಬೆಳಿಗ್ಗೆ ಸರಿಯಾಯಿತು ಅನ್ನುವುದು ಸಮಾಧಾನದ ವಿಷಯ ಅಲ್ಲ. ಇದು ಹೆಚ್ಚಾಗಿ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಈಗ ಎಕ್ಸ್‌ರೇ ತೆಗೆದರೆ ಸ್ವಚ್ಛ ಬರಬಹುದು, ಅದರಿಂದ ಏನೂ ಆಗಿರಲಿಲ್ಲ ಅಂತ ಆಗುವುದಿಲ್ಲ. ಒಮ್ಮೆ ಆದವರಿಗೆ ಮತ್ತೆ ಆಗಬಹುದು, ಇನ್ನೊಮ್ಮೆ ಇಷ್ಟಕ್ಕೇ ನಿಲ್ಲದೆ ಇರಬಹುದು. ಕಾರ್ಡಿಯಾಲಜಿಸ್ಟ್ ಹತ್ತಿರ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಟ್ರೆಡ್‌ಮಿಲ್ ಪರೀಕ್ಷೆ ಆಗಬೇಕು. ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸುವುದು, ಬದಲಾಯಿಸುವುದು ಬೇಡ.

ಇದನ್ನು ಓದುವ ಎಲ್ಲರಿಗೂ: ಕೆಳಗೆ ಹೀಗಾದರೆ ಲಾಬ್‌ಸ್ಟರ್ ಚೀಲ ಅಲ್ಲೇ ಬಿಡಿ. ಜೊತೆಗಾರರಿಗೆ ಸನ್ನೆ ಮಾಡಿ, ಉಸಿರಾಡುತ್ತಾ ನಿಧಾನ ಮೇಲೆ ಬನ್ನಿ. ಮೇಲೆ ಬಂದು ತೂಕದ ಬೆಲ್ಟ್ ಬಿಸಾಕಿ, ಬೇಗ ನೀರಿನಿಂದ ಹೊರಗೆ ಬನ್ನಿ. ಮಲಗಿಸಬೇಡಿ, ನೆಟ್ಟಗೆ ಕೂರಿಸಿ ಆಕ್ಸಿಜನ್ ಕೊಡಿ, ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಅಲೆಮಾರಿ: ಅದಕ್ಕೇ ನಾನು ಒಂಟಿಯಾಗಿ ಇಳಿಯುವುದು. ಯಾರ ಹಿಂದೆಯೂ ಓಡಬೇಕಾಗಿಲ್ಲ.

ಕೀಸ್ ಹುಡುಗ: ಇದೆಂಥ ಮಾತು? ಕೆಳಗೆ ಉಸಿರು ಕಟ್ಟಿದರೆ ಯಾರಿಗೆ ಸನ್ನೆ ಮಾಡುತ್ತೀರಿ?

ಅಲೆಮಾರಿ: ಲಾಬ್‌ಸ್ಟರ್ ಹಿಡಿಯುವವರಲ್ಲಿ ಜೊತೆಗಾರ ಬರೀ ಹೆಸರಿಗೆ. ಅವನು ಒಂದು ಪೊಟರೆಯಲ್ಲಿ ತಲೆ ಹಾಕಿರುತ್ತಾನೆ, ನೀವು ಇನ್ನೊಂದರಲ್ಲಿ. ನನ್ನ ಹತ್ತಿರ ಬೇರೆ ಸಣ್ಣ ಸಿಲಿಂಡರ್ ಇದೆ. ನಿಮ್ಮ ಹತ್ತಿರ ಇದೆಯಾ?

ಡಾಕ್ಟರ್: ಜೊತೆಗಾರ ಹೆಸರಿಗೆ ಮಾತ್ರ ಅನ್ನುವುದು ನಿಜ. ಒಬ್ಬರು ಹಿಡಿಯಿರಿ, ಇನ್ನೊಬ್ಬರು ದೀಪ ಹಿಡಿದು ಗಾಳಿ ಎಷ್ಟಿದೆ ಅಂತ ಗೇಜ್ ನೋಡಿ. ಆಮೇಲೆ ಬದಲಾಯಿಸಿ. ಸಣ್ಣ ಸಿಲಿಂಡರ್ ಪ್ರಜ್ಞೆ ತಪ್ಪಿದವರನ್ನು ಮೇಲೆ ತರುವುದಿಲ್ಲ.

ಶಂಖಪುಷ್ಪ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. "ಡೈವ್ ಆದ ಮೇಲೆ ಕೀಲು ನೋವು, ಜುಮ್ಮೆನ್ನುವುದು ಇದ್ದರೆ ಮತ್ತೆ 10 ಮೀಟರ್ ಇಳಿದು ಅರ್ಧ ಗಂಟೆ ಇದ್ದು ಬನ್ನಿ. ನಂತರ ಬೆಳ್ಳುಳ್ಳಿ ಜಜ್ಜಿ ನುಂಗಿ, ರಕ್ತ ತೆಳುವಾಗಿ ಗುಳ್ಳೆ ಕರಗುತ್ತದೆ."

ಡಾಕ್ಟರ್: ದಯವಿಟ್ಟು ಅಳಿಸಿ. ಕಾಲು ಮರಗಟ್ಟಿದವರನ್ನು ಮತ್ತೆ ನೀರಿಗೆ ಇಳಿಸಿದರೆ ಅವರು ಮುಳುಗುತ್ತಾರೆ. ಸಿಲಿಂಡರ್‌ನ ಗಾಳಿ ಉಸಿರಾಡುತ್ತಾ ಕೆಳಗಿದ್ದರೆ ಸಾರಜನಕ ಇನ್ನಷ್ಟು ತುಂಬಿಕೊಳ್ಳುತ್ತದೆ. ಚೇಂಬರ್‌ನಲ್ಲಿ ನಾವು 18 ಮೀಟರ್ ಆಳದಷ್ಟು ಒತ್ತಡದಲ್ಲಿ ಆಕ್ಸಿಜನ್ ಕೊಟ್ಟು ಶುರು ಮಾಡುತ್ತೇವೆ, ಸುಮಾರು ಐದು ಗಂಟೆ ಹಿಡಿಯುತ್ತದೆ. ಅದಕ್ಕೂ ಬೆಳ್ಳುಳ್ಳಿಗೂ ಸಂಬಂಧ ಇಲ್ಲ. ಗುಳ್ಳೆಯ ತೊಂದರೆ ಇರುವವರನ್ನು ಮಲಗಿಸಿ, ಶೇ 100 ಆಕ್ಸಿಜನ್ ಕೊಡಿ, 911ಕ್ಕೆ, ಆಮೇಲೆ ಡೈವರ್‌ಗಳಿಗೆ ನೆರವಾಗುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ತುರ್ತು ಸಂಖ್ಯೆಗೆ ಕರೆ ಮಾಡಿ. ನೋವು ಇಳಿದರೂ ಆಸ್ಪತ್ರೆಗೆ ಹೋಗಿ.

ಶಂಖಪುಷ್ಪ: ಒಳ್ಳೆಯ ಮನಸ್ಸಿನಿಂದ ಹಾಕಿದ್ದು. ಇಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ.

ಡಾಕ್ಟರ್: ಇಂಥದ್ದು ಓದಿ ತಡಮಾಡಿ ಬಂದವರಿಗೆ ನಾನು ಚಿಕಿತ್ಸೆ ಮಾಡಿದ್ದೇನೆ. ಗಟ್ಟಿಯಾಗಿಯೇ ಹೇಳುತ್ತೇನೆ.

ಬೆಳ್ಳಿಮೀನು: ಡೈವ್ ಆದ ಮೇಲೆ ವಿಮಾನಕ್ಕೆ ಎಷ್ಟು ಗಂಟೆ?

ಡಾಕ್ಟರ್: ಮೊದಲ ಉತ್ತರ ನೋಡಿ.

ಉಪ್ಪುನೀರು: ವಿಷಮುಳ್ಳಿನ ಮೀನು ಲಯನ್‌ಫಿಶ್ ಚುಚ್ಚಿದರೆ ಐಸ್ ಇಡಬೇಕಂತೆ?

ಡಾಕ್ಟರ್: ಇಲ್ಲ. ತಡೆಯುವಷ್ಟು ಬಿಸಿನೀರು, 45 ಡಿಗ್ರಿ ದಾಟಬಾರದು, 30ರಿಂದ 90 ನಿಮಿಷ. ಬಿಸಿಯನ್ನು ಗಾಯವಿಲ್ಲದ ಕೈಯಿಂದ ನೋಡಿ. ಚುಚ್ಚಿದ ಕೈಗೆ ಸುಡುವುದು ಗೊತ್ತಾಗುವುದಿಲ್ಲ.

ಕೀಸ್ ಹುಡುಗ: ಕ್ಯಾಲಿಫೋರ್ನಿಯಾದವರು ಸುಮ್ನೆ ಕೈ ಹಾಕಿ ಗಾಯ ಮಾಡಿಕೊಳ್ಳುತ್ತೀರಿ. ಕಡ್ಡಿಯಿಂದ ಹೊರಗೆ ತಟ್ಟಿ ಬಲೆಗೆ ಹಾಕಿಕೊಳ್ಳಿ, ನಾವು ಹಾಗೇ ಮಾಡುವುದು.

ಹವಳದಿಬ್ಬ: ಇಲ್ಲಿ ಡೈವರ್‌ಗಳು ಕೈಯಿಂದ ಮಾತ್ರ ಹಿಡಿಯಬೇಕು, ಕಾನೂನು. ಗೊತ್ತಿಲ್ಲದೆ ಬುದ್ಧಿ ಹೇಳಬೇಡಿ.

ಕೀಸ್ ಹುಡುಗ: ಗೊತ್ತಿಲ್ಲದವರು ಯಾರು? ಹೋದ ವಾರ ದೋಣಿ ಮೇಲೆ ಅಳತೆ ಮಾಡುತ್ತಿರುವ ಫೋಟೋ ಹಾಕಿದ್ದು ನಿಮ್ಮ ತಂಡದವರೇ. ಫ್ಲೋರಿಡಾದಲ್ಲಿ ನೀರಿನಲ್ಲೇ ಅಳೆಯಬೇಕು. ಚಿಪ್ಪು 3 ಇಂಚು ದಾಟಿರಬೇಕು. ಮೊಟ್ಟೆ ಹೊತ್ತದ್ದು ಮುಟ್ಟಬಾರದು.

ತುಳಸಿಕಟ್ಟೆ: ಎರಡು ಕಡೆಯವರಿಗೂ ಒಂದು ಮಾತು. ಪೊಟರೆಯಲ್ಲಿ ಅಡಗಿದ ಜೀವವನ್ನು ಎಳೆದು ತರುವುದನ್ನೇ ಬಿಟ್ಟರೆ ಇಷ್ಟು ಅಪಾಯ ಯಾಕೆ?

ಅಲೆಮಾರಿ: ನೀವು ತಿನ್ನುವುದಿಲ್ಲ, ಡೈವೂ ಮಾಡುವುದಿಲ್ಲ. ಇಲ್ಲಿ ಏನು ಕೆಲಸ?

ತುಳಸಿಕಟ್ಟೆ: ನನ್ನ ತಮ್ಮ ಡೈವ್ ಮಾಡುತ್ತಾನೆ. ಅದಕ್ಕೇ ಓದುತ್ತಿದ್ದೇನೆ. ನೀವು ಒಂಟಿಯಾಗಿ ಇಳಿಯುವುದನ್ನು ಹೆಮ್ಮೆಯಿಂದ ಬರೆದದ್ದೂ ಅವನು ಓದುತ್ತಾನೆ.

ಅಡ್ಮಿನ್: ಸಾಕು. ವೈಯಕ್ತಿಕ ಮಾತು ಬೇಡ.

ಮೀನುಮರಿ: ಡೈವ್ ಕಂಪ್ಯೂಟರ್ ಬಗ್ಗೆ ಯಾರಾದರೂ?

ನೊರೆತೆರೆ: ಮೇಡಂ, ತೋರಿಸಿದೆ. ನೀರು ಕುಡಿದ ನೆನಪಿಲ್ಲ ಅಂತ ಒಪ್ಪಿಕೊಂಡರು. ಆದರೆ ಸಿಲಿಂಡರ್ ಇಲ್ಲದೆ, ಸ್ನಾರ್ಕಲ್ ಹಾಕಿಕೊಂಡು ಇಳಿಯುತ್ತೇನೆ ಅನ್ನುತ್ತಿದ್ದಾರೆ.

ಡಾಕ್ಟರ್: ಬೇಡ. ಮೇಲ್ಮೈಯಲ್ಲಿ ಈಜುವವರಿಗೂ ಇದು ಆಗುತ್ತದೆ. ನೀರು ಅದೇ, ತಣ್ಣಗೂ ಅಷ್ಟೇ. ಪರೀಕ್ಷೆ ಮುಗಿಯುವವರೆಗೆ ಈಜೂ ಬೇಡ ಅಂತ ನಾನು ಹೇಳಿದ್ದೇನೆ ಅನ್ನಿ. ದೋಣಿಯಲ್ಲಿ ಕೂತು ಸ್ನೇಹಿತರಿಗೆ ದೀಪ ಹಿಡಿಯಲಿ. ಮತ್ತೆ ಕೆಮ್ಮು, ಏದುಸಿರು ಅಥವಾ ಎದೆನೋವು ಬಂದರೆ ತಡಮಾಡದೆ 911ಕ್ಕೆ ಕರೆ ಮಾಡಿ. ಕಾರ್ಡಿಯಾಲಜಿಸ್ಟ್‌ಗೆ ತೋರಿಸಲು ನಡೆದದ್ದನ್ನು ಕಾಗದದಲ್ಲಿ ಬರೆದುಕೊಳ್ಳಿ: ಎಷ್ಟು ಆಳ, ನೀರಿನ ತಾಪಮಾನ, ಉಸಿರು ಕಟ್ಟಿದ್ದು ಇಳಿದು ಎಷ್ಟು ಹೊತ್ತಿಗೆ, ನೊರೆಯ ಬಣ್ಣ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ. ಅವರ ಡೈವ್ ಕಂಪ್ಯೂಟರ್‌ನಲ್ಲಿ ಆ ಡೈವ್‌ನ ದಾಖಲೆ ಇರುತ್ತದೆ, ಅಳಿಸಬೇಡಿ ಅಂತ ಅವರಿಗೆ ಹೇಳಿ.

ನೊರೆತೆರೆ: ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಶನಿವಾರದ ದೋಣಿಯವರಿಗೆ ನಾನೇ ಫೋನ್ ಮಾಡಿ ಅವರ ಹೆಸರು ತೆಗೆಸಿದೆ.