ಅಣ್ಣ, ಮನೆಯೊಳಗೆ ಪಿಸ್ತೂಲು ಬೇಡ

ಅಣ್ಣ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಅಡುಗೆ ಮುಗಿಸಿ ಈಗ ಕೂತೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ಕೆಂಗೇರಿಯಲ್ಲಿ ನಿಮ್ಮ ಹಿಂದಿನ ರಸ್ತೆಯ ಮನೆಗೆ ಕಳ್ಳರು ನುಗ್ಗಿದ್ದು ಕೇಳಿ ನನಗೂ ಎದೆ ಧಸಕ್ ಎಂದಿತು. ಅವತ್ತಿನಿಂದ ಅತ್ತಿಗೆ ಸರಿಯಾಗಿ ನಿದ್ದೆ ಮಾಡಿಲ್ಲ ಅಂತಲೂ ಗೊತ್ತು. ಅದಕ್ಕೇ ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲು ಇಟ್ಟುಕೊಳ್ಳೋಣ ಅಂತ ನಿನಗೆ ಅನ್ನಿಸಿದೆ. ಡಲ್ಲಾಸ್‌ನಿಂದ ಸಂದೀಪ ಬೇರೆ, ನಮ್ಮ ಮಂಚದ ಪಕ್ಕದ ಡ್ರಾಯರ್‌ನಲ್ಲೇ ಇದೆ, ಭಯವೇ ಇಲ್ಲ ಅಂತ ಹಾಕಿದ್ದಾನೆ. ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ರಾತ್ರಿ ಎರಡು ಮೂರು ಗಂಟೆಗೆ ನಿಮ್ಮ ಮನೆಯಲ್ಲಿ ಯಾರು ಓಡಾಡುತ್ತಾರೆ ಅಂತ ಒಂದ್ಸಲ ಯೋಚನೆ ಮಾಡು. ಅಮ್ಮ ಬಚ್ಚಲಿಗೆ ಏಳುತ್ತಾರೆ. ಬೇರೆಯವರ ನಿದ್ದೆ ಕೆಡಬಾರದು ಅಂತ ಲೈಟ್ ಹಾಕುವುದಿಲ್ಲ, ಗೋಡೆ ಹಿಡಿದುಕೊಂಡು ಹೋಗುತ್ತಾರೆ. ಈಗೀಗ ಮರೆವು ಜಾಸ್ತಿಯಾಗಿ, ಹಾಲು ಬಂತು ಅಂದುಕೊಂಡು ಮಧ್ಯರಾತ್ರಿ ಮುಂಬಾಗಿಲ ಚಿಲಕ ತೆಗೆಯುತ್ತಾರೆ. ಕಾರ್ತಿಕ ನೈಟ್ ಶಿಫ್ಟ್ ಮುಗಿಸಿ ಬಂದು ತನ್ನ ಕೀಲಿಯಿಂದ ಬಾಗಿಲು ತೆಗೆದು, ಶೂ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಒಳಗೆ ಬರುತ್ತಾನೆ. ರಜೆಯಲ್ಲಿ ನನ್ನ ಮಕ್ಕಳು ನಿಮ್ಮ ಹಾಲ್‌ನಲ್ಲೇ ಮಲಗುತ್ತಾರೆ. ಇನ್ನು ಕರೆಂಟ್ ಹೋಗಿದ್ದರಂತೂ ಯಾರ ಮುಖವೂ ಕಾಣುವುದಿಲ್ಲ. ನಿದ್ದೆಗಣ್ಣಿನಲ್ಲಿ, ಕೈ ನಡುಗುವಾಗ, ಆ ಕತ್ತಲಲ್ಲಿ ಬರುತ್ತಿರುವುದು ಕಳ್ಳನೋ ಕಾರ್ತಿಕನೋ ಅಂತ ನಿನಗೆ ಹೇಗೆ ತಿಳಿಯುತ್ತದೆ? ಮಲೆನಾಡಿನಲ್ಲಿ ಚಿಕ್ಕಂದಿನಿಂದ ಕೋವಿ ಹಿಡಿದವರೇ ಹಂದಿ ಅಂದುಕೊಂಡು ಜೊತೆಗಾರನಿಗೆ ಗುಂಡು ಹೊಡೆದ ಸುದ್ದಿ ಪೇಪರಿನಲ್ಲಿ ಓದಿದ್ದೇವೆ. ನೀನು ಜೀವನದಲ್ಲಿ ಒಂದು ಗುಂಡೂ ಹಾರಿಸಿದವನಲ್ಲ.

ಬೀರುವಿನಲ್ಲಿ ಬೀಗ ಹಾಕಿ ಇಡುತ್ತೇನೆ ಅಂತೀಯ. ಇಡಲೇಬೇಕು. ಆದರೆ ಕಳ್ಳ ಬಾಗಿಲು ಮೀಟುತ್ತಿರುವಾಗ ಬೀರುವಿನ ಕೀಲಿ ಹುಡುಕಿ, ಗುಂಡು ತುಂಬಿ, ಅಷ್ಟೆಲ್ಲಾ ಆಗುತ್ತದಾ? ಬೇಗ ಕೈಗೆ ಸಿಗಲಿ ಅಂತ ದಿಂಬಿನ ಕೆಳಗೆ ಇಟ್ಟರೆ ಅದು ಅಮ್ಮನ ಕೈಗೂ ಸಿಗುತ್ತದೆ, ಮಕ್ಕಳ ಕೈಗೂ ಸಿಗುತ್ತದೆ. ಇನ್ನೊಂದು ಮಾತು. ನಿಮ್ಮ ಹಿಂದಿನ ರಸ್ತೆಯಲ್ಲಿ ಕಳ್ಳತನ ಆದಾಗ ಅವರು ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರು, ಅಲ್ವಾ? ಅಂಥ ಮನೆಯ ಬೀರುವಿನಲ್ಲಿ ಪಿಸ್ತೂಲು ಇದ್ದಿದ್ದರೆ ಒಡವೆಯ ಜೊತೆ ಅದೂ ಕಳ್ಳನ ಪಾಲಾಗುತ್ತಿತ್ತು.

ಲೈಸೆನ್ಸ್ ವಿಷಯ ಬೇಗ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಕಚೇರಿಗೆ. ಠಾಣೆಯಿಂದ ವಿಚಾರಣೆ ಆಗುತ್ತದೆ. ತರಬೇತಿಯ ಪತ್ರ ಬೇಕು, ದೇಹ ಮನಸ್ಸು ಎರಡೂ ಸರಿ ಇದೆ ಅಂತ ಡಾಕ್ಟರ್ ಬರೆದುಕೊಡಬೇಕು. ಕೊನೆಗೆ ಕೊಡುವುದು ಬಿಡುವುದು ಅವರ ತೀರ್ಮಾನ. ಸಿಕ್ಕರೆ ಐದು ವರ್ಷಕ್ಕೊಮ್ಮೆ ನವೀಕರಣ. ಚುನಾವಣೆ ಬಂದಾಗ ಠಾಣೆಗೆ ತಂದು ಒಪ್ಪಿಸಿ ಅನ್ನುತ್ತಾರೆ, ಹಳ್ಳಿ ಕಡೆ ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತರನ್ನು ಕೇಳಿ ನೋಡು.

ಕಾನೂನು ನಮ್ಮನ್ನು ಕೈಬಿಟ್ಟಿಲ್ಲ, ನಿಜ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ವರೆಗೆ ಆತ್ಮರಕ್ಷಣೆಯ ಹಕ್ಕೇ ಇದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆ ಮುರಿದು ಬಂದವನ ವಿಷಯವನ್ನು 41ನೇ ಸೆಕ್ಷನ್ ಬಿಡಿಸಿ ಹೇಳುತ್ತದೆ, ಅಲ್ಲಿ ಪ್ರಾಣ ತೆಗೆಯುವಷ್ಟರ ಮಟ್ಟಿಗೂ ಹಕ್ಕು ಇದೆ. ಆದರೆ 37ನೇದು ಅದಕ್ಕೆ ಮಿತಿ ಹಾಕುತ್ತದೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಕಾಂಪೌಂಡ್ ಹಾರಿ ಓಡುತ್ತಿರುವ ಹುಡುಗನ ಬೆನ್ನಿಗೆ ಹೊಡೆದರೆ ಆಮೇಲೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾದವನು ನೀನು. ಕೋರ್ಟಿಗಿಂತ ಹೆಚ್ಚಾಗಿ, ಒಂದು ಜೀವ ತೆಗೆದ ಮೇಲೆ ನೀನು ನೆಮ್ಮದಿಯಿಂದ ಊಟ ಮಾಡುವವನಲ್ಲ. ನಿನ್ನನ್ನು ನಾನು ಬಲ್ಲೆ.

ಸಂದೀಪ, ನಿನಗೂ ಹೇಳುತ್ತೇನೆ ಕಣಪ್ಪ. ಆತ್ಮರಕ್ಷಣೆಗೆ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಹಕ್ಕು ಅಂತ ನಿಮ್ಮ ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ, ಒಪ್ಪಿದೆ. ಆದರೆ ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಕೆಲರ್‌ಮನ್ ಎಂಬ ವೈದ್ಯರು ಜೊತೆಗಾರರೊಬ್ಬರೊಡನೆ ಮಾಡಿದ ಅಧ್ಯಯನ 1986ರಲ್ಲಿ ಬಂದಿತ್ತು. ಮನೆಯಲ್ಲಿಟ್ಟ ಬಂದೂಕಿನಿಂದ ಆತ್ಮರಕ್ಷಣೆಗಾಗಿ ಒಬ್ಬರನ್ನು ಕೊಂದಿದ್ದರೆ, ಆತ್ಮಹತ್ಯೆ, ಕೊಲೆ, ಆಕಸ್ಮಿಕ ಸೇರಿ 43 ಸಾವು ಆಗಿದ್ದವು. ಅದರಲ್ಲಿ 37 ಆತ್ಮಹತ್ಯೆಗಳೇ. ಅದು ಒಂದೇ ಜಿಲ್ಲೆಯ ಹಳೆಯ ಲೆಕ್ಕ. ಬಂದೂಕು ಕಂಡು ಓಡಿಹೋದ ಕಳ್ಳರು ಅದರಲ್ಲಿ ಬರುವುದಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೂ ಆ 37 ನನ್ನ ತಲೆಯಿಂದ ಹೋಗುತ್ತಿಲ್ಲ. ಮನೆಯಲ್ಲಿ ಯಾರ ಮನಸ್ಸು ಯಾವತ್ತು ಕುಗ್ಗಿರುತ್ತದೋ ನಮಗೆ ತಿಳಿಯುವುದಿಲ್ಲ. ನಿಮ್ಮ ಮಗು ಈಗ ಡ್ರಾಯರ್ ಎಳೆಯುವ ವಯಸ್ಸು. ಗುಂಡು ತೆಗೆದು, ಬೀಗ ಹಾಕಿ, ಗುಂಡುಗಳನ್ನು ಬೇರೆ ಕಡೆ ಬೀಗ ಹಾಕಿ ಇಡಿ ಅಂತ ನಿಮ್ಮಲ್ಲಿನ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ಅಷ್ಟನ್ನಾದರೂ ಇವತ್ತೇ ಮಾಡು.

ಕೊಡಗಿನಲ್ಲಿ ಮನೆಮನೆಗೂ ಕೋವಿ ಇದೆ ಅಂತ ಭಾವ ಬರೆದರು. ಹೌದು, ಕೊಡವರಿಗೂ ಜಮ್ಮಾ ಎಂಬ ತಲೆಮಾರಿನ ಜಮೀನು ಇರುವವರಿಗೂ 2029ರವರೆಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಆದರೆ ಅವರು ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಹಿರಿಯರಿಂದ ಹಿಡಿಯುವುದು ಕಲಿತವರು. ತೋಟಕ್ಕೆ ಆನೆ, ಹಂದಿ ಬರುವ ಊರು ಅದು. 30x40 ಸೈಟಿನಲ್ಲಿ ಪಕ್ಕದ ಮನೆಯ ಕಿಟಕಿ ಕೈಗೆಟಕುವ ಕೆಂಗೇರಿಗೆ ಆ ಲೆಕ್ಕ ಹೊಂದುವುದಿಲ್ಲ.

ಅಣ್ಣ, ಮೊದಲು ಹಿಂದಿನ ಬಾಗಿಲು ನೋಡು. ಯುಟಿಲಿಟಿ ಕಡೆಯ ಆ ಪ್ಲೈವುಡ್ ಬಾಗಿಲನ್ನು ಒಂದು ಒದೆತಕ್ಕೆ ಮುರಿಯಬಹುದು. ಅದಕ್ಕೆ ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಸು. ಟೆರೇಸ್ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ, ಸುತ್ತ ಸೆನ್ಸರ್ ಲೈಟು. ಒಡವೆ ಬ್ಯಾಂಕ್ ಲಾಕರ್‌ಗೆ ಹೋಗಲಿ. ಊರಿಗೆ ಹೋಗುವಾಗ ಠಾಣೆಗೆ ಹೇಳಿ ಹೋಗು. ಅತ್ತಿಗೆಯ ಫೋನಿನಲ್ಲಿ 112 ಸ್ಪೀಡ್ ಡಯಲ್‌ಗೆ ಹಾಕಿಕೊಡು. ಸದ್ದಾದರೆ ಎಲ್ಲರೂ ಅಮ್ಮನ ರೂಮಿಗೆ ಸೇರಿ, ಒಳಗಿನಿಂದ ಬೋಲ್ಟ್ ಹಾಕಿ, ಫೋನ್ ಮಾಡಿ, ಜೋರಾಗಿ ಕೂಗಿ. ಹೊಯ್ಸಳ ಪೊಲೀಸ್ ಗಾಡಿ ಬರುವವರೆಗೆ ಬಾಗಿಲು ತೆಗೆಯಬೇಡಿ. ಹೋದರೆ ಟಿವಿ ಹೋಗಲಿ.

ಭಾನುವಾರ ನಾವು ಬರುತ್ತೇವೆ. ನಮ್ಮ ಮನೆಯ ಗ್ರಿಲ್ ಮಾಡಿದ ವೆಲ್ಡಿಂಗ್‌ನವರನ್ನೂ ಕರೆದುಕೊಂಡು ಬರುತ್ತೇನೆ, ಅಳತೆ ತೆಗೆದುಕೊಳ್ಳಲಿ. ಅತ್ತಿಗೆಗೆ ಭಯ ಜಾಸ್ತಿ ಇದ್ದರೆ ಅಲ್ಲಿಯವರೆಗೆ ಅಮ್ಮನನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದುಬಿಡಲಿ. ಅರ್ಜಿ ಮಾತ್ರ ಕೊಡಬೇಡ ಅಣ್ಣ.