ಹಳೆ ಬಳೆ ಕರಗಿಸಿ ಮಾಡಿದ ಸರ ಹೊಸದಾ?

ಗುಲಗಂಜಿ:
40 ಗ್ರಾಂನ 22 ಕ್ಯಾರಟ್ ಹಳೆ ಬಳೆ ಕರಗಿಸಿ ಸರ ಮಾಡಿದರೆ ಅದನ್ನ ಹೊಸದು ಅನ್ನಬಹುದಾ? ಅಂಗಡಿಯವರು "ಹೊಸ ಚಿನ್ನ" ಅಂತ ಕೊಡೋದೂ ಇನ್ಯಾರದೋ ಹಳೆ ಒಡವೆಯೇ ಇರಬಹುದಲ್ಲ. ಪರೀಕ್ಷೆ ಮಾಡಿ ಹೇಳೋಕಾಗುತ್ತಾ? ಹಾಗೆ ನೋಡಿದರೆ ಯಾವ ವಸ್ತು ತಾನೇ ಹೊಸದು?

ಬಿಳಿಗಾರ:
ಅಪ್ಪಟ ಚಿನ್ನಕ್ಕೆ ವಯಸ್ಸು ಹಚ್ಚೋಕಾಗಲ್ಲ. ಹಟ್ಟಿ ಗಣಿಯಿಂದ ನಿನ್ನೆ ಬಂದದ್ದೂ, 2001ರಲ್ಲಿ ಮುಚ್ಚಿದ ಕೋಲಾರದ್ದೂ 999ಕ್ಕೆ (ಸಾವಿರ ಪಾಲಿನಲ್ಲಿ 999 ಪಾಲು ಚಿನ್ನ) ಶುದ್ಧವಾದ ಮೇಲೆ ಒಂದೇ.

ಹಳತನ ಗೊತ್ತಾಗೋದು ಬೆಸುಗೆಯಿಂದ. ಇಡೀ ಬಳೆ ಮೂಸೆಗೆ ಹಾಕಿದರೆ ಚಿನ್ನ ಕಮ್ಮಿ ಇರೋ ಬೆಸುಗೆಯೂ ಕರಗಿ ಸೇರುತ್ತೆ. 916 (ಅಂದರೆ 22 ಕ್ಯಾರಟ್) ಇದ್ದದ್ದು 880ಕ್ಕೆ ಇಳಿಯಿತು ಅಂದುಕೊಳ್ಳಿ: 40 ಗ್ರಾಂನಲ್ಲಿ ಅಪ್ಪಟ ಚಿನ್ನ 35.2 ಗ್ರಾಂ ಮಾತ್ರ. ಅದನ್ನ ಮತ್ತೆ 916 ಮಾಡೋಕೆ ಸುಮಾರು 17 ಗ್ರಾಂ 24 ಕ್ಯಾರಟ್ ಬೇಕು. "ಚೂರು ಚಿನ್ನದ ಗಟ್ಟಿ ಹಾಕಿದರೆ ಸರಿಹೋಗುತ್ತೆ" ಅನ್ನೋರು ಈ ಲೆಕ್ಕ ಹಾಕಿರಲ್ಲ. ಸೀಸ ಸೇರಿದ್ದರೆ ಇನ್ನೂ ಕಷ್ಟ, ತಗಡು ಎಳೆಯುವಾಗ ಅಂಚು ಬಿರಿಯುತ್ತೆ. ಹಳೆ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದ್ದರೆ ಚಿನ್ನ ಕರಗೋ 1064 ಡಿಗ್ರಿಗೆ ಮೊದಲೇ, 767ರಲ್ಲೇ, ಕುದಿದು ವಿಷದ ಹೊಗೆಯಾಗುತ್ತೆ.

ಪೂರ್ತಿ ಶುದ್ಧ ಮಾಡೋದಾದರೆ ಆ 40 ಗ್ರಾಂಗೆ ಸುಮಾರು 100 ಗ್ರಾಂ ಬೆಳ್ಳಿ ಸೇರಿಸಿ ಕರಗಿಸಿ, ನೀರಿಗೆ ಸುರಿದು ಕಾಳು ಮಾಡಿ, ನೈಟ್ರಿಕ್ ಆಮ್ಲದಲ್ಲಿ ಕುದಿಸ್ತಾರೆ. ಬೆಳ್ಳಿ, ತಾಮ್ರ ಕರಗಿ ಹೋಗುತ್ತೆ. ಬೆಳ್ಳಿ ಕಮ್ಮಿಯಾದರೆ ಚಿನ್ನವೇ ಅಡ್ಡ ನಿಂತು ಆಮ್ಲ ಒಳಗೆ ಇಳಿಯಲ್ಲ. ತಳದಲ್ಲಿ ಉಳಿಯೋದು ಕಂದು ಪುಡಿ, ಕಾಫಿ ಗಷ್ಟಿನ ಹಾಗೆ. ತೊಳೆದು ಬಿಳಿಗಾರ (ಬೋರಾಕ್ಸ್) ಹಾಕಿ ಕರಗಿಸಿದಾಗಲೇ ಹಳದಿ. (ಮನೆಯಲ್ಲಿ ಮಾಡೋ ಕೆಲಸ ಅಲ್ಲ, ಆಮ್ಲದಿಂದ ಏಳೋ ಕೆಂಪು ಹೊಗೆ ಶ್ವಾಸಕೋಶ ಸುಡುತ್ತೆ.)

ಒರೆಗಲ್ಲು:
ಲೋಹ ಹಳೆಯದೇ, ಆದರೆ ಅದರ ಹರಳುಗಳು (ಕಲ್ಲಲ್ಲ, ಲೋಹದೊಳಗಿನ ಸೂಕ್ಷ್ಮ ಸ್ಫಟಿಕಗಳು) ಹೊಸವು. ತಂತಿ ಎಳೆದಾಗ ಹರಳುಗಳು ನಜ್ಜಾಗಿ ಚಿನ್ನ ಗಡುಸಾಗುತ್ತೆ. ಮಂದ ಕೆಂಪಾಗೋವರೆಗೆ ಕಾಸಿದರೆ ಹೊಸ ಹರಳು ಹುಟ್ಟಿ ಮೆತ್ತಗಾಗುತ್ತೆ. ಒಂದೇ ಸರಕ್ಕೆ ಇದು ಎಷ್ಟೋ ಸಲ ಆಗಿರುತ್ತೆ. ಕಾಸೋದು ಜಾಸ್ತಿಯಾದರೆ ಹರಳು ದಪ್ಪವಾಗಿ, ಬಗ್ಗಿಸಿದಾಗ ಮೈ ಕಿತ್ತಳೆ ಸಿಪ್ಪೆ ಥರ ತರಿತರಿ.

ಇನ್ನು ಹಾಲ್‌ಮಾರ್ಕ್. 2023ರ ಏಪ್ರಿಲ್ 1ರಿಂದ ಮಾರಾಟಕ್ಕೆ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಹಾಲ್‌ಮಾರ್ಕ್ ಗುರುತಿನ ಸಂಖ್ಯೆ) ಇರೋದು ಒಡವೆಗೆ, ಲೋಹಕ್ಕಲ್ಲ. ಬಳೆ ಕರಗಿದರೆ ಆ ಗುರುತೂ ಹೋಯಿತು. ಸರಕ್ಕೆ ಬೇರೆಯದೇ ಸಂಖ್ಯೆ.

ಅರ್ಧಾಯು:
ಕೊನೇ ಪ್ರಶ್ನೆಗೆ: ಚಿನ್ನದ ಪರಮಾಣುಗಳು ಭೂಮಿಗಿಂತ ಹಳೆಯವು. ಹೊಸ ಪರಮಾಣು ಬೇಕಿದ್ದರೆ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ (ವಿಕಿರಣಶೀಲ ಮದ್ದು ಕೊಟ್ಟು ಸ್ಕ್ಯಾನ್ ಮಾಡೋ ಕಡೆ) ಹೋಗಿ. ಅಲ್ಲಿನ ಜನರೇಟರ್‌ನಲ್ಲಿ (ಕರೆಂಟಿನದ್ದಲ್ಲ, ಆ ಮದ್ದು ಹುಟ್ಟಿಸೋದು) ಅಲ್ಯೂಮಿನಾಗೆ ಅಂಟಿದ ಮಾಲಿಬ್ಡಿನಂ-99 (ಅರ್ಧಾಯು, ಅಂದರೆ ಅರ್ಧ ಕ್ಷಯಿಸೋ ಅವಧಿ, 66 ಗಂಟೆ) ಟೆಕ್ನೀಷಿಯಂ-99ಎಂ ಆಗ್ತಾ ಇರುತ್ತೆ. ಸಲೈನ್ ಹಾಯಿಸಿ ಆ ಟೆಕ್ನೀಷಿಯಂನ ಹಸುವಿನ ಹಾಲಿನ ಹಾಗೆ "ಕರೀತಾರೆ", ಮಾರನೇ ದಿನ ಹೊತ್ತಿಗೆ ಮತ್ತೆ ತುಂಬಿರುತ್ತೆ. ಸಿರಿಂಜಿನಲ್ಲಿ ಬರೋದು ಗಂಟೆಗಳ ಹಿಂದೆ ಹುಟ್ಟಿದ್ದು, 6 ಗಂಟೆಗೆ ಅರ್ಧ ಖಾಲಿ. ಅಲ್ಲೂ ತಕರಾರು ತೆಗೀಬಹುದು: ಒಂದು ನ್ಯೂಟ್ರಾನ್ ಪ್ರೋಟಾನ್ ಆಯಿತು, ಮಿಕ್ಕವು ಹಳೆಯವೇ. ಆದರೆ ಆಗ ಹಾರೋ ಎಲೆಕ್ಟ್ರಾನ್ ಮೊದಲು ಎಲ್ಲೂ ಇರಲಿಲ್ಲ.

ಗುಲಗಂಜಿ:
ಸರಿ. ಅಂಗಡಿಯಲ್ಲಿ ಏನು ನೋಡಿಕೊಳ್ಳಬೇಕು?

ಬಿಳಿಗಾರ:
ಕಲ್ಲು, ಅರಗು ತೆಗೆಸಿ ತೂಕ ಹಾಕಿಸಿ. ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ರೇ ಬಿಟ್ಟು ಶುದ್ಧತೆ ಅಳೆಯೋದು) ಓದೋದು ಮೇಲ್ಪದರವನ್ನಷ್ಟೇ, ಹಾಗಾಗಿ ಬಳೆ ಇದ್ದ ಹಾಗೇ ಇಟ್ಟು ತೋರಿಸೋ ಅಂಕಿ ನಂಬಬೇಡಿ. ಎದುರಿಗೇ ಕರಗಿಸಿ, ಗಟ್ಟಿಯ ಎರಡೂ ಮೈ ತೋರಿಸಲಿ. ತೂಕ × ಶುದ್ಧತೆ, ಅಷ್ಟೇ ನಿಮ್ಮ ಚಿನ್ನ.